ಬೋಳು ಹಕ್ಕಿಯ ತುತ್ತು

ಕ್ಷೌರದಂಗಡಿಯಲ್ಲೇ ಒಂದು ಹಕ್ಕಿ ದಿನೇ ದಿನೇ ಬೋಳಾಗುತ್ತ ಬಂದರೆ ಗಿರಾಕಿಗಳ ಬಾಯಿ ಸುಮ್ಮನಿರುತ್ತದೆಯೇ? ಇದಕ್ಕೂ ಮಷಿನ್ ಹಾಕಿಬಿಟ್ಟಿರಾ ಎಂದು ಬಂದವರೆಲ್ಲ ಕೇಳಿ ಕ್ಷೌರಿಕನ ಹೊಟ್ಟೆ ಉರಿಸುತ್ತಿದ್ದರು.

ಅದು ಅವನ ಅಪ್ಪ ಸಾಕಿದ ಮಕಾವ್. ಎರಡು ಮೊಳ ಉದ್ದದ ನೀಲಿ ಗಿಳಿ. ಕಲ್ಲಿನಂಥ ಕಾಯಿಯನ್ನೂ ಕಡಲೆಕಾಯಿಯಂತೆ ಒಡೆಯುವ ಕೊಕ್ಕು. ಇಂಥ ಗಿಳಿ ಒಬ್ಬರನ್ನು ಜೋಡಿ ಎಂದುಕೊಂಡರೆ ಮುಗಿಯಿತು, ಉಳಿದವರು ಲೆಕ್ಕಕ್ಕೇ ಇಲ್ಲ. ಅಪ್ಪ ತೀರಿಕೊಂಡ ಮೇಲೆ ಅದು ತನ್ನ ಎದೆಯ ಗರಿಗಳನ್ನು ತಾನೇ ಕೀಳತೊಡಗಿತ್ತು. ತನ್ನ ಜಾತಿಯವರಿರುವ ಪಕ್ಷಿಧಾಮಕ್ಕೆ ಕಳಿಸುವುದೇ ಮೇಲು ಎಂದು ಹಕ್ಕಿ ಡಾಕ್ಟರಮ್ಮ ಹೇಳಿಬಿಟ್ಟಿದ್ದರು. ಸೋಮವಾರ ವ್ಯಾನು ಬರುವುದಿತ್ತು. ಅಪ್ಪ ಬಿಟ್ಟುಹೋದದ್ದರಲ್ಲಿ ಜೀವವಿದ್ದದ್ದು ಅದೊಂದಕ್ಕೇ. ಕಳಿಸಲು ಕ್ಷೌರಿಕನಿಗೆ ಸುತರಾಂ ಇಷ್ಟವಿರಲಿಲ್ಲ.

ಬಾದಾಮಿ ಕೊಡಲು ಹೋಗಿ ಬೆರಳು ಕಚ್ಚಿಸಿಕೊಂಡ. ಅಪ್ಪನ ಅಂಗಿ ತೊಟ್ಟು ಬಂದ, ಅದರ ಗುಂಡಿಗಳೂ ಹೋದವು. ಅದು ನಿಮ್ಮನ್ನು ಮೂಸಿಯೂ ನೋಡುವುದಿಲ್ಲ ಎಂದು ಹೆಂಡತಿ ನಕ್ಕಳು.

ಭಾನುವಾರ ಕೊನೆಯ ಗಿರಾಕಿ ಎದ್ದುಹೋದ ಮೇಲೆ ಅವನು ಹಕ್ಕಿಯನ್ನು ಮೊದಲ ಸಲ ಕಸುಬಿನ ಕಣ್ಣಿನಿಂದ ನೋಡಿದ. ಮೈ ಬೋಳಾದರೂ ತಲೆ ತುಂಬಿಕೊಂಡೇ ಇತ್ತು. ಸ್ವಂತ ತಲೆಗೆ ಸ್ವಂತ ಕೊಕ್ಕು ಎಟುಕುವುದಾದರೂ ಹೇಗೆ? ಅಲ್ಲಿ ಎದ್ದ ಹೊಸ ಗರಿಗಳು ತಮ್ಮನ್ನು ಸುತ್ತಿದ್ದ ಸಿಪ್ಪೆ ಬಿಡಿಸಿಕೊಳ್ಳಲಾಗದೆ ಮುಳ್ಳಿನಂತೆ ನಿಂತಿದ್ದವು. ಅಪ್ಪ ಸಂಜೆ ಹೊತ್ತು ಅದರ ನೆತ್ತಿ ಕೆರೆಯುತ್ತ ಕೂರುತ್ತಿದ್ದದ್ದು ಇದಕ್ಕೇ ಎಂದು ಈಗ ಹೊಳೆಯಿತು. ಬರೀ ಮುದ್ದು ಅಂದುಕೊಂಡು ಅವನು ಹೊಟ್ಟೆಕಿಚ್ಚು ಪಟ್ಟಿದ್ದ.

ತಲೆಯ ಕೆಲಸವನ್ನು ಅವನಿಗೆ ಯಾರಾದರೂ ಹೇಳಿಕೊಡಬೇಕೇ? ಮೆಲ್ಲಗೆ ಹಿಂದಿನಿಂದ ಬಂದು ಉಗುರಿನ ತುದಿಯಲ್ಲಿ ಒಂದೊಂದೇ ಸಿಪ್ಪೆ ಉಜ್ಜಿದ. ಹಕ್ಕಿ ಕೊಕ್ಕು ತೆರೆಯಿತು. ಆದರೆ ಅದು ಕಚ್ಚದೆ, ತೂಕಡಿಸುವ ಗಿರಾಕಿಯ ಹಾಗೆ ಕತ್ತು ಬಾಗಿಸಿ ಕಣ್ಣು ಮುಚ್ಚಿತು.

ಸೋಮವಾರ ಬೆಳಿಗ್ಗೆ ಮತ್ತೆ ನೆತ್ತಿ ಕೆರೆಯುತ್ತಿದ್ದಾಗ ಹಕ್ಕಿ ತಲೆಯನ್ನು ಮೇಲೆ ಕೆಳಗೆ ಕುಣಿಸಿ ಅವನ ಅಂಗೈಗೆ ನುರಿದ ಬಾದಾಮಿ ಕಕ್ಕಿತು. ಕಾಯಿಲೆ ಬರಿಸಿ ಇದ್ದದ್ದೂ ಕೆಡಿಸಿದೆನಲ್ಲ ಎಂದು ಅವನು ಕೆರೆಯುವುದನ್ನೇ ನಿಲ್ಲಿಸಿದ. ವ್ಯಾನಿನಿಂದ ಇಳಿದ ಡಾಕ್ಟರಮ್ಮನಿಗೆ ಅಂಗೈ ಚಾಚಿ ತೋರಿಸಿದ. ಅವರು ನಕ್ಕು, ಖಾಲಿ ವ್ಯಾನನ್ನೇ ತಿರುಗಿಸಲು ಡ್ರೈವರಿಗೆ ಹೇಳಿದರು.

"ಇದು ಕಾಯಿಲೆ ಅಲ್ಲ. ಜೋಡಿಗೆ, ಮರಿಗೆ ಇವು ತುತ್ತು ಕೊಡೋದೇ ಹೀಗೆ. ಇನ್ನು ನೀವು ಅದರ ಮನೆಯವರು."

ಹೆಂಡತಿ ಮೂಗು ಮುಚ್ಚಿಕೊಂಡು ಮೊದಲು ಕೈ ತೊಳೆಯಿರಿ ಎಂದಳು. ಆಗಲಿ ಎಂದನೇ ಹೊರತು ಅವನು ಅಲ್ಲಿಂದ ಕದಲಲಿಲ್ಲ. ಅಪ್ಪನಿಗೆ ಸಲ್ಲುತ್ತಿದ್ದ ತುತ್ತು ಅದು, ತೊಳೆಯಲು ಮನಸ್ಸು ಬರಲಿಲ್ಲ.