ಮೂಕಿ ಚಿತ್ರದ ಮಾತುಗಾರರು

ಆ ಮನೆಗೆ ಸೊಸೆಯಾಗಿ ಬಂದು ಎಂಟು ತಿಂಗಳಾದರೂ ಅವಳಿಗೆ ಸಿನಿಮಾದಲ್ಲಿ ಒಂದು ಪಾತ್ರ ಸಿಕ್ಕಿರಲಿಲ್ಲ. ಊಟಕ್ಕೆ ಕರೆಯುತ್ತಿದ್ದರು, ಜಗಳಕ್ಕೂ ಕರೆಯುತ್ತಿದ್ದರು, ಬೀರುವಿನ ಬೀಗದ ಕೈಯನ್ನೂ ಕೊಟ್ಟಿದ್ದರು. ಆದರೆ ಭಾನುವಾರ ಮಧ್ಯಾಹ್ನ ಮಗಳು ಅಳಿಯ ಬಂದು ಎಲ್ಲರೂ ಟೀವಿ ಮುಂದೆ ಕೂತಾಗ ಅವಳು ಮಾತ್ರ ಅಡುಗೆಮನೆ ಬಾಗಿಲಿಗೆ ಒರಗಿ ನಿಲ್ಲಬೇಕು. ಈ ಮನೆಯಲ್ಲಿ ನಾನಿನ್ನೂ ಹೊರಗಿನವಳೇ ಅನ್ನುವ ಸಂಕಟ ಅವಳಿಗೆ ಅಲ್ಲೇ ನಿಂತು ಹತ್ತಿದ್ದು.

ವಿಷಯ ಇಷ್ಟೆ. ಮಾವ ಎಲೆಕ್ಟ್ರಿಷಿಯನ್. ಮಕ್ಕಳು ಚಿಕ್ಕವರಿದ್ದಾಗ ಟೀವಿಯಲ್ಲಿ ಬಂದ ಒಂದು ಚಿತ್ರವನ್ನು ಕ್ಯಾಸೆಟ್ಟಿಗೆ ಇಳಿಸಿಕೊಂಡಿದ್ದರು. ಹಾಕಿ ನೋಡಿದರೆ ಚಿತ್ರ ಬಂತು, ಸದ್ದು ಬರಲಿಲ್ಲ. ಸದ್ದಿನ ತಂತಿ ಸಿಕ್ಕಿಸುವುದನ್ನೇ ಮರೆತಿದ್ದರು. ಊರಿಗೆಲ್ಲ ವೈರಿಂಗ್ ಮಾಡುವ ಮನುಷ್ಯ ಸ್ವಂತ ಮನೆಯಲ್ಲಿ ತಂತಿ ಮರೆತನೆಂದರೆ ಉಂಟೆ? "ಇದು ಮೂಕಿ ಚಿತ್ರ," ಅಂದುಬಿಟ್ಟರು. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ. ತೆರೆಯ ಮೇಲೆ ನಾಯಕ ಐದೈದು ನಿಮಿಷ ಬಿಡದೆ ಬಾಯಿ ಆಡಿಸುತ್ತಿದ್ದ. ಮನೆಯವರು, ಪಾಪ, ಮೂಕಿ ಚಿತ್ರವೇ ಇರಬೇಕು ಎಂದು ಒಪ್ಪಿಕೊಂಡರು.

ಆದರೆ ಬೇರೆಯವರು ಬಾಯಿ ಆಡಿಸುತ್ತಿರುವಾಗ ಸುಮ್ಮನೆ ಕೂರುವ ಅಭ್ಯಾಸ ಅತ್ತೆಗಿಲ್ಲ. ನಾಯಕಿಯ ಮಾತನ್ನು ತಾವೇ ಆಡತೊಡಗಿದರು. ಮಾವ ಕೋಟು ಹಾಕಿದ ಖಳನಾಯಕರಾದರು. ಮಗ ನಾಯಕ, ಮಗಳು ಉಳಿದವರೆಲ್ಲ. ಇಪ್ಪತ್ತೈದು ವರ್ಷ ನೋಡಿ ನೋಡಿ ಆ ಮಾತುಗಳಲ್ಲಿ ಒಂದಕ್ಷರ ಆಚೀಚೆ ಆಗುವಂತಿರಲಿಲ್ಲ. ಅತ್ತೆ ಹೊಲಿಗೆಯವರಾದ್ದರಿಂದ ಅವರ ನಾಯಕಿ ಬೆಳದಿಂಗಳಲ್ಲಿ ನಿಂತಾಗಲೂ ನಾಯಕನ ಅಂಗಿಯ ತೋಳು ಗಿಡ್ಡವಾಯಿತು ಅನ್ನುತ್ತಿದ್ದಳು. ಬಸ್ ಓಡಿಸುವ ಅಳಿಯನಿಗೆ ಆರು ವರ್ಷ ಕಾದ ಮೇಲೆ ಮಳೆಯ ಸದ್ದು ಸಿಕ್ಕಿತು. ಎರಡೇ ದೃಶ್ಯದ ಮಳೆ. ಅದನ್ನೂ ಅವನು ಎಷ್ಟು ಶ್ರದ್ಧೆಯಿಂದ ಸುರಿಸುತ್ತಿದ್ದನೆಂದರೆ ಮುಂದೆ ಕೂತವರು ಕತ್ತು ಒರೆಸಿಕೊಳ್ಳಬೇಕಾಗುತ್ತಿತ್ತು.

"ನನಗೂ ಏನಾದ್ರೂ ಕೊಡ್ಸಿ," ಎಂದು ಸೊಸೆ ಗಂಡನನ್ನು ಕೇಳಿದ್ದಳು. "ಬಾಗಿಲು ಕಿರುಗುಟ್ಟೋದಾದ್ರೂ ಸಾಕು."

"ಬಾಗಿಲು ತಂಗೀದು," ಅಂದ ಗಂಡ. "ಕೇಳಿದ್ರೆ ಮನಸ್ತಾಪ ಆಗುತ್ತೆ."

ಸೊಸೆಗೆ ಕೆಲಸ ಕಿವಿಯ ಮೆಷಿನ್ ಅಂಗಡಿಯಲ್ಲಿ. ಕೇಳದವರ ಕಿವಿಗೆ ಮೆಷಿನ್ ಕೂರಿಸಿ, ಸದ್ದು ಹೊಂದಿಸಿ ಕೊಡುತ್ತಾಳೆ. ಎಷ್ಟೋ ವರ್ಷದ ಮೇಲೆ ಹೆಂಡತಿಯ ದನಿ ಕೇಳಿ ಅವಳ ಕೈ ಹಿಡಿದು ಅತ್ತ ಮುದುಕರನ್ನು ನೋಡಿದ್ದಾಳೆ. ಸದ್ದು ಕೊಟ್ಟರೆ ಜನ ಸಂತೋಷಪಡುತ್ತಾರೆ ಅನ್ನುವುದು ಅವಳ ಅನುಭವ. ಹಾಗಾಗಿ ಹಳೇ ಡಿಸ್ಕ್ ಮಾರುವ ಅಂಗಡಿಗಳನ್ನೆಲ್ಲ ಜಾಲಾಡಿ, ಅದೇ ಚಿತ್ರವನ್ನು ಮಾತಿನ ಸಮೇತ ಹುಡುಕಿ ತಂದು, ಒಂದು ಭಾನುವಾರ ಯಾರಿಗೂ ಹೇಳದೆ ಹಾಕಿಬಿಟ್ಟಳು. ಉಪಕಾರ ಮಾಡುವ ಆತುರದಲ್ಲಿ ಮಾವನ ಮೀಸೆ ನೆನಪಾಗಲಿಲ್ಲ.

ನಾಯಕ ಬಾಯಿ ತೆಗೆದ. ಸೊಳ್ಳೆ ಗುಂಯ್‌ಗುಟ್ಟಿದಂಥ ದನಿ ಬಂತು. ಅವನಿಗಾಗಿ ಇಷ್ಟು ವರ್ಷ ಗಂಟಲು ಬಿರಿಯುವಂತೆ ಗುಡುಗುತ್ತಿದ್ದ ಗಂಡ ತೆರೆದ ಬಾಯಿಯನ್ನು ಮೆಲ್ಲಗೆ ಮುಚ್ಚಿಕೊಂಡ. ಆಮೇಲೆ ಕೋಟಿನವನು ಸೀಸೆ ಹಿಡಿದು ಬಂದ. ಮಾವ "ಕುಡಿ, ವಿಷ!" ಎಂದು ಅಬ್ಬರಿಸುತ್ತಿದ್ದ ಜಾಗ ಅದು. ಕೋಟಿನವನು ಮೃದುವಾಗಿ, "ಊಟ ಆದ ಮೇಲೆ ಒಂದು ಚಮಚ," ಅಂದ. ಅವನು ಖಳನಲ್ಲ, ಮನೆಯ ವೈದ್ಯ.

"ಮಳೆ ಪರವಾಗಿಲ್ಲ," ಅಂದ ಅಳಿಯ ಸ್ವಲ್ಪ ಹೊತ್ತಿಗೆ. "ಆದ್ರೆ ಸ್ವಲ್ಪ ಆತುರ ಜಾಸ್ತಿ."

ರೈಲು ನಿಲ್ದಾಣದ ಬೀಳ್ಕೊಡುಗೆ ಬಂತು. ಅತ್ತೆ ಮುಂದಕ್ಕೆ ಬಾಗಿದರು. ನಾಯಕಿ, "ನಿನಗಾಗಿ ಕಾಯುತ್ತೇನೆ," ಅಂದಳು, ಮತ್ತೆ ಮತ್ತೆ ಅದನ್ನೇ ಅಂದಳು.

"ಇಷ್ಟೇನಾ?" ಅಂದರು ಅತ್ತೆ.

ಮಾವ ಎದ್ದು ನಿಂತರು. ಕಿವಿ ಕೆಂಪಾಗಿತ್ತು. "ಮೂಕಿ ಚಿತ್ರಕ್ಕೆ ಈಗಿನವರು ಮಾತು ಸೇರಿಸ್ತಾರೆ. ಸೇರಿಸಿ ಹಾಳು ಮಾಡ್ತಾರೆ," ಅಂದರು.

ಗಂಡ ಹೌದೆಂದ, ನಾದಿನಿ ಹೌದೆಂದಳು. ಆಗ ಸೊಸೆಗೆ ಅರ್ಥವಾಯಿತು: ತಂತಿಯ ಸಂಗತಿ ಎಲ್ಲರಿಗೂ ಮೊದಲಿನಿಂದ ಗೊತ್ತು, ಎಲ್ಲರೂ ಸೇರಿ ಅದನ್ನು ಕಾಪಾಡಿಕೊಂಡು ಬಂದಿದ್ದಾರೆ. ಅವಳು ಇಂಗು ತಿಂದ ಮಂಗನಂತೆ ನಿಂತಳು. ಪಾತ್ರ ಹಾಗಿರಲಿ, ಇನ್ನು ಬಾಗಿಲಲ್ಲಿ ನಿಲ್ಲುವ ಮುಖವೂ ತನಗೆ ಉಳಿಯಲಿಲ್ಲ ಅನ್ನಿಸಿ ಅವಳಿಗೆ ತುಂಬ ದುಃಖವಾಯಿತು.

"ಸದ್ದು ತೆಗಿ," ಅಂದರು ಅತ್ತೆ. "ಮೊದಲಿಂದ ಹಾಕು."

ಅವಳು ಸದ್ದು ಅಡಗಿಸಿ, ಮತ್ತೆ ಹಾಕಿ, ಅಡುಗೆಮನೆ ಬಾಗಿಲಿಗೆ ಸರಿದಳು. ಚಿತ್ರ ಶುರುವಾಯಿತು, ಆದರೆ ಯಾರ ದನಿಯಲ್ಲೂ ಕಸುವಿಲ್ಲ. ಗಂಡ ಗುಡುಗುವ ಬದಲು ಗೊಣಗಿದ. ಸೀಸೆ ಬಂದಾಗ ಮಾವ ಬಹಳ ಯೋಚಿಸಿ, "ಕುಡಿ, ವಿಷ," ಅಂದರು. ತುಸು ತಡೆದು, "ಊಟ ಆದ್ಮೇಲೆ ಕುಡಿದ್ರೂ ನಡೆಯುತ್ತೆ," ಎಂದು ಸೇರಿಸಿದರು.

ರೈಲು ನಿಲ್ದಾಣ ಬಂತು. ನಾದಿನಿ ಸೀಟಿ ಊದಿದಳು. ನಾಯಕಿಯ ತುಟಿ ಅಲುಗಿತು, ಅತ್ತೆಯಿಂದ ಮಾತು ಹೊರಡಲಿಲ್ಲ. ಇಪ್ಪತ್ತೈದು ವರ್ಷದಲ್ಲಿ ಹೀಗಾದದ್ದು ಇದೇ ಮೊದಲು. "ಆ ಹಾಳು ಮಾತೇ ನಾಲಿಗೆ ಮೇಲೆ ಕೂತಿದೆ," ಎಂದು ಅತ್ತೆ ಮೆಲ್ಲಗೆ ಅಂದರು. ಅವರ ಮುಖ ನೋಡಲಾಗುತ್ತಿರಲಿಲ್ಲ.

"ಹೋಗೋದಾದ್ರೆ ಹೋಗು," ಎಂದು ಬಾಗಿಲ ಕಡೆಯಿಂದ ದನಿ ಬಂತು. "ಆ ಮೂರನೇ ಗುಂಡಿ ಸಡಿಲ ಆಗಿದೆ. ಅಲ್ಲಿ ಯಾರಿದ್ದಾರೆ ನಿನಗೆ ಹೊಲಿದುಕೊಡೋಕೆ?"

ಅತ್ತೆಯದೇ ಎಳೆತ, ಅತ್ತೆಯದೇ ನಿಟ್ಟುಸಿರು, ನಡುವೆ ಅವರ ಸಣ್ಣ ಕೆಮ್ಮೂ ಇತ್ತು. ಮಾತು ಮುಗಿಯುವುದಕ್ಕೂ ನಾಯಕಿಯ ತುಟಿ ನಿಲ್ಲುವುದಕ್ಕೂ ಸರಿಹೋಯಿತು. ಎಲ್ಲರೂ ತಿರುಗಿ ನೋಡಿದರು. ಬಾಯಿ ತಪ್ಪಿ ಆಡಿಬಿಟ್ಟೆನಲ್ಲ ಎಂದು ಸೊಸೆ ಸೆರಗಿನ ತುದಿ ಕಚ್ಚಿಕೊಂಡಳು. ಅತ್ತೆ ಮಾತ್ರ ತೆರೆಯಿಂದ ಕಣ್ಣು ಕೀಳಲಿಲ್ಲ.

"ಮುಂದಿಂದು?" ಅಂದರು.

"ಮುಂದಿಂದು ನಿಮ್ದು, ಅತ್ತೆ."

"ನೀನೇ ಆಡು." ಅತ್ತೆ ಸೋಫಾದಲ್ಲಿ ಒಂದಾಳು ಕೂರುವಷ್ಟು ಸರಿದರು. "ಇಷ್ಟು ವರ್ಷ ಮಾತಾಡೋ ಗಡಿಬಿಡೀಲಿ ಈ ಹುಡುಗಿ ಅಳೋದನ್ನ ನಾನು ಸರಿಯಾಗಿ ನೋಡೇ ಇಲ್ಲ."

ಅಳಿಯ ಏನೋ ಹೇಳಲು ಹೋದ. ನಾದಿನಿ ಮೊಣಕೈಯಿಂದ ತಿವಿದಳು.

ಸೊಸೆ ಬಂದು ಕೂತಳು. ರೈಲು ಹೊರಟಿತು, ನಾಯಕಿ ಅಳಬೇಕಿತ್ತು. ಸೊಸೆಗೆ ಅದೇನೂ ಕಷ್ಟವಾಗಲಿಲ್ಲ. ತೆರೆಯ ಮೇಲೆ ಮುಂದಿನ ದೃಶ್ಯ ಬಂದ ಮೇಲೂ ಅಳುತ್ತಲೇ ಇದ್ದಳು, ಯಾರೂ ತಪ್ಪು ಹಿಡಿಯಲಿಲ್ಲ.