ಕಾಕಂಬಿಯ ಸುಂಕ

ಸುಂಕದವನ ಮುಂದೆ ಸುಖದುಃಖ ಹೇಳಿಕೊಳ್ಳಬಾರದು ಎನ್ನುತ್ತಾರೆ. ಆ ಸುಂಕದವನು ನಾನೇ. ನನ್ನ ಸುಖದುಃಖ ಯಾರ ಮುಂದೆ ಹೇಳಿಕೊಳ್ಳಲಿ? ಮ್ಯಾಸಚೂಸೆಟ್ಸ್‌ನ ನಮ್ಮ ಬಂದರಿನಲ್ಲಿ ಇಂಗ್ಲೆಂಡಿನ ಅರಸನ ಕಾಲಕ್ಕೆ ಸುಂಕ ತಪ್ಪಿಸುವುದೇ ದೇಶಭಕ್ತಿಯಾಗಿತ್ತು. ಅರಸನನ್ನು ಓಡಿಸಿದೆವು, ಚಾಳಿ ಉಳಿಯಿತು. ಈಗ ನಮ್ಮದೇ ಸರ್ಕಾರ ಬಂದು ಎರಡು ವರ್ಷವಾಗಿದೆ.

ನನ್ನ ಚಿಕ್ಕಮ್ಮ ಜೆರೂಶಾಳ ಕಿರಿಯ ಮಗ ಆಸಾ ಆ ಅರಸನ ವಿರುದ್ಧದ ಯುದ್ಧದಲ್ಲಿ ಸತ್ತ. ಅವನ ಸಂಬಳದ ಬದಲು ಸರ್ಕಾರದ ಒಂದು ಸಾಲಪತ್ರ ಬಂದಿತ್ತು. ದಲ್ಲಾಳಿಗಳು ಅದನ್ನು ಚಿಲ್ಲರೆ ಕಾಸಿಗೆ ಕೊಳ್ಳಲು ಬಂದಾಗ ಚಿಕ್ಕಮ್ಮ ಪೊರಕೆ ತೋರಿಸಿದ್ದಳು. ಬೆಲೆಯಿಲ್ಲದ ಕಾಗದ ಕಾಯುತ್ತಾಳೆಂದು ಊರೆಲ್ಲ ನಕ್ಕಿತು. ಈ ವರ್ಷ ಹೊಸ ಸರ್ಕಾರ ಆ ಹಳೆಯ ಸಾಲ ಒಪ್ಪಿಕೊಂಡು ಬಡ್ಡಿ ಕೊಡತೊಡಗಿತು. ಆ ಹಣ ಬರುವುದು ಬಂದರುಗಳ ಸುಂಕದಿಂದ.

ಚಿಕ್ಕಮ್ಮನ ಹಿರಿಯ ಮಗ ಎಬೆನ್‌ನ ಹಡಗು ವೆಸ್ಟ್ ಇಂಡೀಸಿನಿಂದ ಕಬ್ಬಿನ ಕಪ್ಪು ಪಾಕವಾದ ಕಾಕಂಬಿಯ ಪೀಪಾಯಿಗಳನ್ನು ಹೊತ್ತು ಬಂದಿತ್ತು. ಅರ್ಧ ಕಾಕಂಬಿ ಸುಂಕದ ಲೆಕ್ಕಕ್ಕೆ, ಇನ್ನರ್ಧ ಎಂದಿನಂತೆ ತಾಯಿಯ ನೆಲಮಾಳಿಗೆಗೆ. ನಾನು ಹೋದಾಗ ಚಿಕ್ಕಮ್ಮ ಶನಿವಾರದ ಬೀನ್ಸ್ ಕಾಳು ಬೇಯಿಸುತ್ತಿದ್ದಳು.

"ಯಾಕೋ ಬಾಗಿಲಲ್ಲೇ ನಿಂತೆ? ಸರ್ಕಾರದೋನಾದ್ಮೇಲೆ ಕಾಲು ಭಾರ ಆಯ್ತಾ?"

"ನೆಲಮಾಳಿಗೆ ನೋಡ್ಬೇಕು, ಚಿಕ್ಕಮ್ಮ."

ಬೆಂಚಿನ ಮೇಲಿದ್ದ ಎಬೆನ್ ನಕ್ಕ. "ಅಲ್ಲಿರೋದು ಇಲಿ. ಅದಕ್ಕೂ ಸುಂಕ ಹಾಕ್ತೀಯಾ?"

ಚಿಕ್ಕಮ್ಮ ನನ್ನನ್ನೇ ಕೇಳಿದಳು. "ಇವನು ತಾನಾಗೇ ತಂದು ತೋರಿಸಿದ್ರೆ?"

"ಸುಂಕ ಕಟ್ಟಿದ್ರೆ ಸಾಕು. ನಾನು ಇಳಿದು ಹಿಡಿದ್ರೆ ಮಾಲೆಲ್ಲ ಜಪ್ತಿ."

"ಕೇಳಿದ್ಯಾ ಎಬೆನ್? ಪೀಪಾಯಿ ಹೊರಗೆ ತಾ."

ಎಬೆನ್ ಮುಖ ಕಪ್ಪಿಟ್ಟಿತು. "ಅಮ್ಮಾ, ಅರಸನ ಆಳುಗಳು ಬಂದಾಗ ಆ ನೆಲಮಾಳಿಗೆ ಮುಚ್ಚಳದ ಮೇಲೆ ಕೂತು ನೂಲು ತೆಗೀತಿದ್ದೋಳು ನೀನೇ ಅಲ್ವಾ?"

"ಅದು ಅರಸನ ಪಾಲು. ಇದು ನಿನ್ನ ತಮ್ಮನ ಪಾಲು."

"ಸತ್ತೋನಿಗೋಸ್ಕರ ಬದುಕಿರೋನ ಹೊಟ್ಟೆ ಮೇಲೆ ಹೊಡೀತೀಯಲ್ಲ."

ಚಿಕ್ಕಮ್ಮ ಸೌಟು ಕೆಳಗಿಟ್ಟಳು. "ನಿನ್ನ ಹೊಟ್ಟೆಗೆ ನಾನಿದೀನಿ ಕಣೋ. ಅವನನ್ನ ಎಲ್ಲಿ ಹೂತ್ರೋ ನಂಗೆ ಗೊತ್ತಿಲ್ಲ. ಇಷ್ಟು ವರ್ಷ ಈ ಊರಲ್ಲಿ ಯಾರೂ ಅವನ ಹೆಸರೆತ್ತಲಿಲ್ಲ, ನೀನೂ ಎತ್ತಲಿಲ್ಲ. ಬಡ್ಡಿ ಕೊಡೋವಾಗ ಗುಮಾಸ್ತ ಎಲ್ಲರ ಮುಂದೆ ಅವನ ಹೆಸರು ಕೂಗಿದ. ಸುಂಕ ಬರದೆ ಈ ಸರ್ಕಾರ ಬಿದ್ಹೋದ್ರೆ ಇನ್ಯಾರು ಕೂಗ್ತಾರೆ?"

ಎಬೆನ್ ಎದ್ದು ನೆಲಮಾಳಿಗೆಗೆ ಇಳಿದ. ಆಮೇಲೆ ಕೆಳಗಿನಿಂದ ಅವನ ದನಿ ಬಂತು.

"ಪೂರ್ತಿ ಹೆಸರು ಕೂಗಿದ್ನಾ, ಅಮ್ಮಾ?"

"ಪೂರ್ತಿ ಕೂಗಿದ ಕಣಪ್ಪ. ಆಸಾ ಟಿಲ್ಟನ್ ಅಂತ."

ಪೀಪಾಯಿ ಉರುಳುವ ಸದ್ದು ಕೇಳಿತು. ನಾನು ಕೋಟು ಕಳಚಿಟ್ಟು ಹೆಗಲು ಕೊಡಲು ಇಳಿದೆ.