ಯಂತ್ರ ಹೆತ್ತ ಹಲ್ಲು

ನಮ್ಮಮ್ಮನ ಬಾಯಿಗೆ ಹೆದರದವರು ನಮ್ಮ ಬೀದಿಯಲ್ಲಿಲ್ಲ. ಪೇಪರ್ ಹಾಕುವವನು ಸೈಕಲ್ ನಿಲ್ಲಿಸದೆ ಗೇಟಿನಾಚೆಯಿಂದಲೇ ಎಸೆದು ಪರಾರಿಯಾಗುತ್ತಾನೆ. ಆ ಪೇಪರನ್ನು ಅಪ್ಪ ಎತ್ತಿಕೊಂಡು ಬಂದು ಮುಖಕ್ಕೆ ಅಡ್ಡ ಹಿಡಿದು ಕೂತರೆ ಮುಗಿಯಿತು. ಅಮ್ಮ ಮಾತಾಡುತ್ತಲೇ ಇರುತ್ತಾಳೆ, ಪೇಪರು ‘ಹೂಂ’ ಅನ್ನುತ್ತಲೇ ಇರುತ್ತದೆ. ನಾನು ಕಣ್ಣು ಬಿಟ್ಟಾಗಿನಿಂದ ನೋಡಿದ ದಾಂಪತ್ಯ ಇದು. ಅಪ್ಪ ಬಹಳ ಒಳ್ಳೆಯವರು ಅಂತ ಎಲ್ಲರೂ ಹೇಳುತ್ತಾರೆ. ಸುಮ್ಮನೆ ಕೂತಿರುವುದೇ ಒಳ್ಳೆಯತನವಾದರೆ ನಮ್ಮ ಮನೆಯ ಬೀರುವೂ ಬಹಳ ಒಳ್ಳೆಯದು.

ಆ ಪೇಪರು ಕೆಳಗಿಳಿಯುತ್ತಿದ್ದದ್ದು ಒಬ್ಬರಿಗೆ ಮಾತ್ರ, ನಮ್ಮ ದೊಡ್ಡಮ್ಮನಿಗೆ. ಅಪ್ಪನ ಅಣ್ಣನ ಹೆಂಡತಿ, ಹಿಂದಿನ ಬೀದಿಯಲ್ಲೇ ಇದ್ದವರು. ಅವರ ಮುಂದಿನ ಎರಡು ಹಲ್ಲುಗಳಲ್ಲಿ ಒಂದು ಇನ್ನೊಂದರ ಮೇಲೆ ಸ್ವಲ್ಪ ಹತ್ತಿ ಕೂತಿತ್ತು. ನಕ್ಕರೆ ಮೊದಲು ಆ ಹಲ್ಲು ಕಾಣಿಸುತ್ತಿತ್ತು, ಆಮೇಲೆ ಉಳಿದ ನಗು. ಯಾರೂ ಬೆರಳು ತೋರಿಸುವಂಥದ್ದೇನೂ ನಡೆದಿರಲಿಲ್ಲ. ಅವರು ನಕ್ಕಾಗ ಅಪ್ಪ ಪೇಪರ್ ಮಡಿಸಿ ನೋಡುತ್ತಿದ್ದರು, ಅಷ್ಟೇ. ಅಷ್ಟಕ್ಕೇ ಅಮ್ಮನ ಹೊಟ್ಟೆಯಲ್ಲಿ ಕೆಂಡ ಬಿದ್ದಿತ್ತು. “ಬಂದ್ಲು ನೋಡು, ಹಲ್ಲು ತೋರಿಸ್ಕೊಂಡು” ಅನ್ನುತ್ತಿದ್ದಳು. ದೊಡ್ಡಮ್ಮ ತೀರಿಕೊಂಡ ದಿನ ಎಲ್ಲರೂ ಅಳುತ್ತಿದ್ದಾಗ ಅಮ್ಮ ಒಬ್ಬಳೇ ಅಡುಗೆಮನೆಯಲ್ಲಿ ಕೂತು ಹೊಟ್ಟೆ ತುಂಬ ಉಂಡದ್ದನ್ನು ನಾನು ನೋಡಿದ್ದೇನೆ.

ಇಂಥ ಮನೆಗೆ, ದೊಡ್ಡಮ್ಮ ಇನ್ನೂ ಬದುಕಿದ್ದಾಗಲೇ, ನನ್ನ ಹೆಂಡತಿ ಸೊಸೆಯಾಗಿ ಬಂದಳು. ಹಲ್ಲು ಕಟ್ಟುವುದು ಅವಳ ಕಸುಬು. ದಂತವೈದ್ಯರು ಕಳಿಸುವ ಬಾಯಿಯ ಅಚ್ಚಿಗೆ ಪ್ಲಾಸ್ಟರ್ ಸುರಿದು, ಮೇಣದಲ್ಲಿ ಹಲ್ಲು ಕೂರಿಸಿ, ಕೆತ್ತಿ, ಉಜ್ಜಿ ಸೆಟ್ಟು ಮಾಡಿಕೊಡುವ ಒಂದು ಲ್ಯಾಬಿನಲ್ಲಿದ್ದಳು. ಒಂದು ದಿನ ಲ್ಯಾಬಿನ ಮಾಲೀಕ ಮಿಲ್ಲಿಂಗ್ ಯಂತ್ರ ತರಿಸಿದ. ಕಂಪ್ಯೂಟರಿನಲ್ಲಿ ಆಕಾರ ಕೊಟ್ಟರೆ ಸಾಕು, ತಿರುಗುವ ಸಣ್ಣ ಉಳಿಯೊಂದು ತಾನೇ ಓಡಾಡಿ ಬಿಳೀ ಬಿಲ್ಲೆಯಿಂದ ಹಲ್ಲು ಕೊರೆದುಕೊಡುತ್ತದೆ. ಮಾಲೀಕ ಇವಳನ್ನೇ ಅದರ ಪಕ್ಕ ನಗುತ್ತಾ ನಿಲ್ಲಿಸಿ ಜಾಹೀರಾತಿಗೆ ಫೋಟೋ ತೆಗೆಸಿದ. ಅದಾದ ಮೇಲೆ ಕೆಲಸದಿಂದ ಬಿಡಿಸಿದ.

ಅವಳು ಅಳಲಿಲ್ಲ. “ಅದೇನು ಬ್ರಹ್ಮವಿದ್ಯೆನಾ? ನಾನೂ ಒಂದು ಮಾಡ್ಕೋತೀನಿ. ಮನೇಲೇ ಕೂತು ಕೆಲಸ ಹಿಡೀತೀನಿ” ಅಂದಳು.

ಜಾಗ ಇದ್ದದ್ದು ಹಿಂದಿನ ಕೋಣೆಯಲ್ಲಿ ಮಾತ್ರ. ಅದನ್ನು ಅಮ್ಮ ಮೊಮ್ಮಗುವಿಗೆಂದು ಬಣ್ಣ ಹೊಡೆಸಿ ಖಾಲಿ ಇಟ್ಟಿದ್ದಳು. ಮೊಮ್ಮಗು ಬರಲಿಲ್ಲ. ಡಾಕ್ಟರು ನಮ್ಮಿಬ್ಬರನ್ನೂ ಪರೀಕ್ಷೆ ಮಾಡಿ, ಕೊರತೆ ನನ್ನಲ್ಲೇ ಇದೆ ಅಂದಿದ್ದರು. ಅಮ್ಮನ ತಲೆಯಲ್ಲಿ ಅದು ಸೊಸೆಯದ್ದೇ ಆಗಿ ಕೂತಿತು. ನಾನು ತಿದ್ದಲು ಹೋಗಲಿಲ್ಲ, ಹೆಂಡತಿಯೂ ನನ್ನ ಮಾನ ಕಳೆಯಲಿಲ್ಲ. ನಾನು ಎಂಥವನು ಅಂತ ಇದರಲ್ಲೇ ಗೊತ್ತಾಗುತ್ತದೆ.

ಆ ಕೋಣೆಯಲ್ಲಿ ಅವಳು ಅಲ್ಯೂಮಿನಿಯಂ ಪಟ್ಟಿಗಳಿಗೆ ಬೋಲ್ಟು ಹಾಕಿ ಚೌಕಟ್ಟು ಕಟ್ಟಿದಳು. ಮೂಲೆಯಿಂದ ಮೂಲೆಗೆ ಅಳೆಯುವುದು, ಎರಡೂ ಅಳತೆ ಒಂದೇ ಬರಲಿಲ್ಲ ಅಂತ ಬಿಚ್ಚುವುದು, ಮತ್ತೆ ಬಿಗಿಯುವುದು. ಪಟ್ಟಿಯ ತುದಿ ಹಿಡಿದು ನಿಂತು ನನ್ನ ಸೊಂಟ ಬಿದ್ದುಹೋಯಿತು. ಉಕ್ಕಿನ ಕಂಬಿಗಳ ಮೇಲೆ ಜಾರುವ ಗಾಡಿ, ಅದನ್ನು ತಳ್ಳುವ ಉದ್ದನೆ ತಿರುಪು, ತಿರುಪಿಗೊಂದು ಮೋಟಾರು. ಎಡಬಲಕ್ಕೊಂದು, ಹಿಂದುಮುಂದಕ್ಕೊಂದು, ಮೇಲುಕೆಳಕ್ಕೊಂದು. ಗೋಡೆಯ ಹಲಗೆಯ ಮೇಲೆ ಲ್ಯಾಬಿನವರು ಎಸೆಯಲಿದ್ದ ಹಳೇ ಪ್ಲಾಸ್ಟರ್ ಬಾಯಿಗಳನ್ನು ತಂದು ಸಾಲಾಗಿ ಇಟ್ಟುಕೊಂಡಳು. ಯಾರ್ಯಾರದೋ ಬಾಯಿಗಳು ಗೋಡೆಯಿಂದ ನಮ್ಮನ್ನು ನೋಡಿ ಹಲ್ಲು ಕಿರಿಯುತ್ತಿದ್ದವು.

ಯಂತ್ರ ಮೊದಲ ಸಲ ಓಡಿದಾಗ ಒಂದು ತುಂಡು ಹಲಗೆಯಲ್ಲಿ ವೃತ್ತ ಕೊರೆಯಿತು. ವೃತ್ತಕ್ಕೆ ನಾಲ್ಕು ಕಡೆ ಸಣ್ಣ ಮೆಟ್ಟಿಲು ಬಿದ್ದಿತ್ತು.

“ತಿರುಪು ಹಿಂದಕ್ಕೆ ತಿರುಗೋವಾಗ ನಟ್ಟು ಒಂಚೂರು ಆಡ್ತಿದೆ. ಕೂದಲೆಳೆಯಷ್ಟು. ಇದಕ್ಕೆ ಕಣ್ಣಿಲ್ಲ ನೋಡಿ, ಎಣಿಸ್ಕೊಂಡು ಹೋಗುತ್ತೆ ಅಷ್ಟೇ. ನಾವು ಏನು ಕೊಟ್ರೂ ನಂಬುತ್ತೆ” ಅಂದಳು ಹೆಂಡತಿ. ಅವಳ ಮುಖದಲ್ಲಿ ಅಷ್ಟು ಸಂತೋಷ ನಾನು ಮದುವೆಯಾದಾಗಲೂ ಕಂಡಿರಲಿಲ್ಲ.

ಆ ಹಲಗೆಯನ್ನು ಅಮ್ಮ ಎತ್ತಿಕೊಂಡು ಹೋಗಿ ಬಿಸಿ ಪಾತ್ರೆ ಇಡಲು ಇಟ್ಟುಕೊಂಡಳು. ಮನೆಗೆ ಬಂದವರಿಗೆಲ್ಲ ಪಾತ್ರೆ ಎತ್ತಿ ತೋರಿಸುತ್ತಿದ್ದಳು. “ನಮ್ಮ ಸೊಸೆ ಹಗಲೂರಾತ್ರಿ ಒದ್ದಾಡಿ ಮಾಡಿದ್ದು. ಇಲಿ ಇನ್ನೂ ಚೆನ್ನಾಗಿ ಕಡೀತಿತ್ತು.” ಒಮ್ಮೆ ಮನೆ ತುಂಬ ಜನ ಇದ್ದಾಗಲೇ ಕೇಳಿದಳು, “ಒಂಬತ್ತು ತಿಂಗಳು ಆಗ್ತಾ ಬಂತಲ್ಲಮ್ಮ, ಯಂತ್ರನಾದ್ರೂ ಹೆರುತ್ತಾ, ಅದೂ ನಿನ್ನ ಹಾಗೇನಾ?”

ಬಂದವರು ತಟ್ಟೆ ನೋಡಿದರು. ಅಪ್ಪ ಪೇಪರಿನ ಪುಟ ಮಗುಚಿದರು. ನಾನು ನೀರು ಕುಡಿದೆ. ಹೆಂಡತಿ ಎದ್ದು ಹಿಂದಿನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು.

ಅಮ್ಮ ಅಷ್ಟಕ್ಕೇ ಬಿಡಲಿಲ್ಲ. ಹೆಂಡತಿ ತವರಿಗೆ ಹೋಗಿದ್ದಾಗ, ಒಗೆದ ಬಟ್ಟೆಗಳನ್ನು ಹಿಂಡದೆ ತಂದು ಯಂತ್ರದ ಕಂಬಿಗಳ ಮೇಲೆ ಹರವಿದಳು. ಅಂಗಳದಲ್ಲಿ ಬಿಸಿಲು ಸುರಿಯುತ್ತಿತ್ತು. ಹೆಂಡತಿ ವಾಪಸ್ಸು ಬರುವಷ್ಟರಲ್ಲಿ ಕಂಬಿಗಳಿಗೆ ಕೆಂಪಗೆ ತುಕ್ಕು ಹಿಡಿದು, ಗಾಡಿ ಜಾರದೆ ಕಚ್ಚಿಕೊಂಡಿತ್ತು. “ಕಂಬಿ ಇದ್ದದ್ದು ಬಟ್ಟೆ ಹಾಕೋಕೆ ಅಂದ್ಕೊಂಡೆ” ಅಂದಳು ಅಮ್ಮ. ಹೆಂಡತಿ ಬಾಯಿ ತೆರೆಯದೆ ಯಂತ್ರವನ್ನು ಪೂರ್ತಿ ಬಿಚ್ಚಿ, ಎಣ್ಣೆ ಹಾಕಿ ಉಜ್ಜಿ ಉಜ್ಜಿ, ಕೆಟ್ಟ ಬೇರಿಂಗುಗಳನ್ನು ಬದಲಾಯಿಸಿ ಮತ್ತೆ ಕಟ್ಟಿದಳು. ಬೈದಿದ್ದರೆ ನನಗೆ ಸಮಾಧಾನ ಆಗುತ್ತಿತ್ತು. ಆ ಮೌನ ನೋಡಿ ನನಗೆ ಭಯವಾಯಿತು.

ಹೀಗಿರುವಾಗ ಅಮ್ಮನ ಹಲ್ಲುಸೆಟ್ಟು ಒಡೆಯಿತು. ಮೇಲಿನ ಸಾಲು ಪೂರ್ತಿ ಕಟ್ಟಿಸಿದ್ದು. ತೊಳೆಯುವಾಗ ಕೈಜಾರಿ ಬೇಸಿನ್ನಿಗೆ ಬಿದ್ದು ಎರಡು ಹೋಳಾಯಿತು. ಹಲ್ಲಿಲ್ಲದೆ ಅಮ್ಮನ ಬೈಗುಳಗಳೆಲ್ಲ ಗಾಳಿಯಾಗಿ ಹೋಗುತ್ತಿದ್ದವು. ಬೀದಿ ಸ್ವಲ್ಪ ಉಸಿರಾಡಿತು. ಆದರೆ ಅಪ್ಪ ಅಮ್ಮನ ಮದುವೆಯ ವಾರ್ಷಿಕೋತ್ಸವ ಹತ್ತಿರ ಬಂದಿತ್ತು. ನೆಂಟರನ್ನು ಕರೆದಾಗಿತ್ತು, ಫೋಟೋದವನಿಗೆ ಹೇಳಿಯಾಗಿತ್ತು. ದಂತವೈದ್ಯರು ಅಷ್ಟರೊಳಗೆ ಆಗುವುದಿಲ್ಲ ಅಂದರು.

ಅಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಹಿಂದಿನ ಕೋಣೆಯ ಬಾಗಿಲಲ್ಲಿ ನಿಂತಳು. ಸೊಸೆ ಎದುರಿಗೇ ಇದ್ದರೂ ನನ್ನ ಕಡೆ ನೋಡಿ ಹೇಳಿದಳು. “ಅವಳಿಗೆ ಹೇಳು. ಆ ಯಂತ್ರದಲ್ಲಿ ನನ್ನ ಹಲ್ಲು ಮಾಡಿಕೊಟ್ರೆ ಈ ಕೋಣೆ ಅವಳದ್ದೇ, ಇನ್ನು ಸೊಲ್ಲೆತ್ತಲ್ಲ. ಆಗ್ಲಿಲ್ಲ ಅಂದ್ರೆ ಗುಜರಿಯವನನ್ನ ಕರೆಸಿ ತೂಕಕ್ಕೆ ಹಾಕ್ತೀನಿ. ಮನೆ ನನ್ನ ಹೆಸರಲ್ಲಿದೆ.”

“ಮಾಡಿಕೊಡ್ತೀನಿ” ಅಂದಳು ಹೆಂಡತಿ ನೇರವಾಗಿ.

ಅಮ್ಮನನ್ನು ಕುರ್ಚಿಯಲ್ಲಿ ಕೂರಿಸಿ, ಅಚ್ಚಿನ ಪೇಸ್ಟು ತುಂಬಿದ ತಟ್ಟೆಯನ್ನು ಅಂಗುಳಕ್ಕೆ ಒತ್ತಿ ಹಿಡಿದಳು. ಪೇಸ್ಟು ಗಟ್ಟಿಯಾಗುವ ತನಕ ಮಾತಾಡುವಂತಿಲ್ಲ. ಅತ್ತೆ ಸೊಸೆ ಇಬ್ಬರೂ ಅಷ್ಟು ಹತ್ತಿರದಿಂದ ಒಬ್ಬರನ್ನೊಬ್ಬರು ನೋಡಿದ್ದು ಅದೇ ಮೊದಲು. ಪೇಸ್ಟು ಗಟ್ಟಿಯಾದ ಮೇಲೂ ಅವಳು ಕೈ ತೆಗೆಯಲಿಲ್ಲ. ಅಮ್ಮನ ಕಣ್ಣಲ್ಲಿ ನೀರು ಬಂದ ಮೇಲೆ ತೆಗೆದಳು.

ಮರುದಿನದಿಂದ ಯಂತ್ರ ಕಿರುಗುಟ್ಟತೊಡಗಿತು. ಗುಲಾಬಿ ಬಿಲ್ಲೆಯಿಂದ ಅಂಗುಳದ ಭಾಗ, ಬಿಳೀ ಬಿಲ್ಲೆಯಿಂದ ಹಲ್ಲಿನ ಸಾಲು. ಒಂದು ಬಿಲ್ಲೆಯನ್ನು ಮಗುಚಿ ಹಾಕುವಾಗ ಸರಿಯಾಗಿ ಕೂರದೆ ಹಲ್ಲುಗಳೆಲ್ಲ ಸೀಳಿಹೋದವು. ಇನ್ನೊಂದು ಹಾಕಿದಳು. ಕೂದಲ ಮೇಲೆ, ರೆಪ್ಪೆಯ ಮೇಲೆ ಬಿಳೀ ಪುಡಿ. ನಾನು ಕಾಫಿ ಕೊಡಲು ಹೋದವನು ಹಾಗೇ ನಿಂತೆ. ಉಳಿ ಹೋಗಿ ಬಂದು ಹೋಗಿ ಬಂದು ಬಿಲ್ಲೆಯೊಳಗಿಂದ ಮುಂದಿನ ಎರಡು ಹಲ್ಲು ಮೇಲೇಳುತ್ತಿದ್ದವು. ಒಂದು ಇನ್ನೊಂದರ ಮೇಲೆ ಸ್ವಲ್ಪ ಹತ್ತಿ ಕೂತಿತ್ತು.

“ಇದು...” ಅಂದೆ.

ಅವಳು ಹಲಗೆಯಿಂದ ಒಂದು ಪ್ಲಾಸ್ಟರ್ ಬಾಯಿ ತೆಗೆದು ನನ್ನ ಕೈಗಿಟ್ಟಳು. “ದೊಡ್ಡಮ್ಮ ಹಲ್ಲು ಕೀಳಿಸೋ ಮುಂಚೆ ತೆಗೆಸಿದ ಅಚ್ಚು, ನಮ್ಮ ಲ್ಯಾಬಿಗೇ ಬಂದಿತ್ತು. ಹೊಸದು ಥೇಟ್ ಇದರ ಹಾಗೇ ಇರ್ಲಿ ಅಂದಿದ್ರು. ಕಟ್ಟಿಕೊಡೋ ಮುಂಚೆ ಹೋಗ್ಬಿಟ್ರು. ಇದನ್ನೇ ಸುತ್ತಲೂ ಫೋಟೋ ತೆಗೆದು ಕಂಪ್ಯೂಟರಿಗೆ ಕೊಟ್ಟೆ.”

“ಅಮ್ಮನಿಗೆ ಗೊತ್ತಾದ್ರೆ?”

“ಗೊತ್ತಾಗ್ಲಿ ಅಂತಾನೇ. ದಿನಾ ಬೆಳಗ್ಗೆ ಎದ್ದು ಅವರ ಹಲ್ಲನ್ನ ಇವರೇ ಉಜ್ಜಲಿ. ನನಗೆ ಹೆರೋಕೆ ಬರಲ್ಲ ಅಂದ್ರಲ್ಲ, ಹೆತ್ತಿದ್ದೀನಿ ನೋಡಿ.”

ತಡೆಯಬೇಕಿತ್ತು. ಆದರೆ ಯಾವ ಬಾಯಲ್ಲಿ ತಡೆಯಲಿ? ಕಾಫಿ ಲೋಟ ಇಟ್ಟು ಬಂದೆ.

ಸೆಟ್ಟು ಅಮ್ಮನ ಬಾಯಲ್ಲಿ ಹುಟ್ಟಿನಿಂದ ಇದ್ದದ್ದರ ಹಾಗೆ ಕೂತಿತು. ಅಮ್ಮ ಕಟಕಟ ಕಚ್ಚಿ ನೋಡಿದಳು, ಕನ್ನಡಿಯಲ್ಲಿ ತುಟಿ ಸ್ವಲ್ಪ ಎತ್ತಿ ನೋಡಿದಳು. “ಒಂದು ಹಲ್ಲು ಸೊಟ್ಟಗಿದೆ. ಇರ್ಲಿ, ನಿಜವಾದ ಹಲ್ಲಿನ ಹಾಗೆ ಕಾಣುತ್ತೆ” ಅಂದಳು. ನಕ್ಕು ನೋಡಲಿಲ್ಲ. ನಗುವ ಅಭ್ಯಾಸ ಅವಳಿಗಿರಲಿಲ್ಲ.

ವಾರ್ಷಿಕೋತ್ಸವದ ದಿನ ಮಧ್ಯಾಹ್ನ ಮನೆ ತುಂಬ ನೆಂಟರು. ಅಪ್ಪನ ತಂಗಿ, ನನ್ನ ಸೋದರತ್ತೆ, ಊಟದ ಮಧ್ಯೆ ಏನೋ ತಮಾಷೆ ಹೇಳಿದರು. ಎಲ್ಲರೂ ನಕ್ಕರು. ಹೊಸ ಹಲ್ಲಿನ ಹುರುಪಿನಲ್ಲಿ ಅಮ್ಮನೂ ಬಾಯ್ತುಂಬ ನಕ್ಕಳು.

ಅಪ್ಪನ ಕೈಯಲ್ಲಿದ್ದ ತುತ್ತು ಅರ್ಧದಲ್ಲಿ ನಿಂತಿತು. ಅಮ್ಮನ ಬಾಯನ್ನೇ ನೋಡಿದರು. ಅವರ ಮುಖದಲ್ಲಿ ಅಂಥ ಬೆಳಕು ನಾನು ಚಿಕ್ಕವನಿದ್ದಾಗ ಒಬ್ಬರ ಎದುರು ಮಾತ್ರ ಕಂಡದ್ದು. ಅಮ್ಮನಿಗೂ ಅದು ಕಾಣಿಸಿತು. ಗಂಡ ತನ್ನನ್ನು ನೋಡುತ್ತಿದ್ದಾನೆ. ಅವಳು ಹುಡುಗಿಯ ಹಾಗೆ ಕೆಂಪಾಗಿ ತಲೆ ತಗ್ಗಿಸಿದಳು.

ಆಗಲೇ ಸೋದರತ್ತೆ ಎದೆ ಮೇಲೆ ಕೈ ಇಟ್ಟುಕೊಂಡರು. “ಅಯ್ಯೋ, ಇದೇನಿದು! ಥೇಟ್ ನಮ್ಮ ದೊಡ್ಡತ್ತಿಗೆ ನಕ್ಕ ಹಾಗೇ ಇದೆಯಲ್ಲ! ಅದೇ ಸೊಟ್ಟ ಹಲ್ಲು! ಅಲ್ವೇನೋ ಅಣ್ಣ?”

“ಹೂಂ” ಅಂದರು ಅಪ್ಪ. ಪೇಪರಿನ ಹಿಂದಿನ ಹೂಂ ಅಲ್ಲ. ಅವರ ಕಣ್ಣು ತೇವವಾಗಿತ್ತು.

ಅಮ್ಮ ಎದ್ದು ಬಚ್ಚಲಿಗೆ ಹೋದಳು. ಹೆಂಡತಿ ಬಡಿಸುವ ಸೌಟು ಹಿಡಿದು ಬಾಗಿಲ ಕಡೆ ನೋಡುತ್ತಾ ನಿಂತಳು. ಸೆಟ್ಟು ಗೋಡೆಗೆ ಅಪ್ಪಳಿಸುವ ಸದ್ದಿಗೆ ಕಾಯುತ್ತಿದ್ದಾಳೆ ಅಂತ ನನಗೆ ಗೊತ್ತಿತ್ತು. ನಾನೂ ಕಾಯುತ್ತಿದ್ದೆ. ನಲ್ಲಿಯ ನೀರು ಸುರಿಯುವ ಸದ್ದು ಬಿಟ್ಟರೆ ಏನೂ ಕೇಳಿಸಲಿಲ್ಲ. ಫೋಟೋದವನು ಕರೆದ ಮೇಲೆ ಅಮ್ಮ ಮುಖ ತೊಳೆದುಕೊಂಡು ಬಂದು ಅಪ್ಪನ ಪಕ್ಕ ಕೂತಳು. “ನಗಿ” ಅಂದ ಅವನು. ಅಮ್ಮ ಕ್ಯಾಮೆರಾ ನೋಡಲಿಲ್ಲ. ಅಪ್ಪನ ಕಡೆ ತಿರುಗಿ ಹಲ್ಲೆಲ್ಲ ಕಾಣುವ ಹಾಗೆ ನಕ್ಕಳು. ಆ ಫೋಟೋ ಈಗ ನಡುಮನೆಯ ಗೋಡೆಯ ಮೇಲಿದೆ. ಅದರಲ್ಲಿ ಅಪ್ಪ ಬಹಳ ಸುಖವಾಗಿದ್ದಾರೆ.

ಮರುದಿನ ಬೆಳಗ್ಗೆ ಪೇಪರು ಮಡಿಸಿದ ಹಾಗೇ ಮೇಜಿನ ಮೇಲೆ ಬಿದ್ದಿತ್ತು. “ಆಮೇಲೆ?” ಅಂದರು ಅಪ್ಪ. ಹಾಗೆ ಅವರು ಅಮ್ಮನನ್ನು ಕೇಳಿದ್ದನ್ನು ನಾನು ಯಾವತ್ತೂ ಕೇಳಿರಲಿಲ್ಲ. ಅಮ್ಮ ಬೀದಿಯವರ ತಮಾಷೆ ಹೇಳುತ್ತಾಳೆ, ತಾನೇ ಮೊದಲು ನಗುತ್ತಾಳೆ, ನಕ್ಕು ಅಪ್ಪನ ಕಣ್ಣು ಎಲ್ಲಿದೆ ಅಂತ ನೋಡುತ್ತಾಳೆ. ಕಣ್ಣು ಹಲ್ಲಿನ ಮೇಲಿರುತ್ತದೆ, ಅವಳ ಕಣ್ಣಿನ ಮೇಲಲ್ಲ. ಅದು ಅವಳಿಗೆ ತಿಳಿಯುತ್ತದೆ. ತಿಳಿದೂ ಮತ್ತೊಂದು ತಮಾಷೆ ಹುಡುಕುತ್ತಾಳೆ. ಬೀದಿಯವರನ್ನೆಲ್ಲ ನಡುಗಿಸಿದ ಹೆಂಗಸು ಹೀಗೆ ಒಂದು ನೋಟಕ್ಕೆ ಕೈಯೊಡ್ಡುವುದನ್ನು ನೋಡಲು ನನ್ನಿಂದ ಆಗಲಿಲ್ಲ. ಹೆಂಡತಿಯಿಂದಲೂ ಆಗಲಿಲ್ಲ. ಗೆದ್ದ ಕೋಣೆಯಲ್ಲಿ ಯಂತ್ರ ಮುಟ್ಟದೆ ಸುಮ್ಮನೆ ಕೂತಿರುತ್ತಿದ್ದಳು.

ಒಂದು ದಿನ ಅಮ್ಮ ಆ ಕೋಣೆಗೆ ಬಂದಳು. ಈಗ ಬೈಗುಳ ಬೀಳುತ್ತದೆ ಅಂತ ನಾವಿಬ್ಬರೂ ಎದ್ದು ನಿಂತೆವು. ಬೀಳಲಿ ಅಂತ ನಾನು ಮನಸ್ಸಿನಲ್ಲೇ ಬೇಡಿಕೊಂಡೆ.

ಹೆಂಡತಿಯೇ ಮೊದಲು ಮಾತಾಡಿದಳು. “ಅತ್ತೆ, ಅದನ್ನ ತೆಗೆದುಕೊಡಿ. ಬೇರೆ ಮಾಡಿಕೊಡ್ತೀನಿ. ನಿಮ್ಮ ಮೊದಲಿನ ಹಲ್ಲು ಹೇಗಿತ್ತೋ ಹಾಗೇ.”

ಅಮ್ಮ ತಲೆಯಾಡಿಸಿದಳು. “ನನ್ನ ಹಲ್ಲು ಯಾರಿಗಮ್ಮ ಬೇಕು?” ಹಲಗೆಯ ಮೇಲಿನ ಪ್ಲಾಸ್ಟರ್ ಬಾಯಿಗಳನ್ನು ಒಂದೊಂದಾಗಿ ನೋಡುತ್ತಾ ಹೋಗಿ, ದೊಡ್ಡಮ್ಮನದರ ಮುಂದೆ ನಿಂತಳು. ಸೆರಗಿನ ತುದಿಯಿಂದ ಅದರ ಮೇಲಿನ ಪುಡಿ ಒರೆಸಿದಳು. “ಇಂಥದ್ದೇ ಇನ್ನೊಂದು ಮಾಡಿಡು. ಇದು ಎಲ್ಲಾದ್ರೂ ಒಡೆದುಹೋದ್ರೆ? ಈ ಅಚ್ಚು ಜೋಪಾನ, ಕೆಳಗೆ ಬಿದ್ದೀತು.”

ಹೊರಗಿನಿಂದ ಅಪ್ಪ ಕರೆದರು. “ಎಲ್ಲಿ ಹೋದೆ? ಬಾ, ಕೂತ್ಕೋ.”

“ಬಂದೆ” ಅಂದಳು ಅಮ್ಮ. ನಾಲಿಗೆಯಿಂದ ಸೆಟ್ಟನ್ನು ಮೇಲಕ್ಕೊತ್ತಿ ಸರಿಮಾಡಿಕೊಂಡು, ಓಡುವ ಹಾಗೆ ಹೋದಳು.

ಹೆಂಡತಿ ಆ ಅಚ್ಚನ್ನು ಬೀಳದ ಹಾಗೆ ಗೋಡೆಯ ಕಡೆಗೆ ಸರಿಸಿಟ್ಟಳು. ಆಮೇಲೆ ಹೊಸ ಬಿಲ್ಲೆ ಸಿಕ್ಕಿಸಿ ಯಂತ್ರ ಚಾಲೂ ಮಾಡಿದಳು. ಅದರ ಸದ್ದಿನ ನಡುವೆಯೂ ನಡುಮನೆಯಿಂದ ಅಮ್ಮ ನಗುವುದು ಕೇಳಿಸುತ್ತಿತ್ತು.